ಮೂವತ್ತು ಸೂಜಿಗಳ ಮುನಿಯಣ್ಣ

ಮುನಿಯಣ್ಣ ಟೊಮೇಟೊ ಕೊಳ್ಳುವುದನ್ನು ಒಮ್ಮೆ ನೋಡಿದವರು ಮತ್ತೆ ಅವರ ಜೊತೆ ಸಂತೆಗೆ ಹೋಗುವುದಿಲ್ಲ. ಗಾಡಿಯ ಮುಂದೆ ನಿಂತು ರಾಶಿಯ ಮೇಲಿನಿಂದ ಎರಡು, ನಡುವಿನಿಂದ ಎರಡು, ತಳದಿಂದ ಒಂದು ಹಣ್ಣು ಎತ್ತುತ್ತಾರೆ. ಐದರಲ್ಲಿ ಒಂದು ಮೆತ್ತಗಿದ್ದರೂ ರಾಶಿಗೆ ರಾಶಿಯೇ ತಿರಸ್ಕೃತ. "ಒಳ್ಳೇದ್ ನೋಡಿ ಆರಿಸ್ಕೊಳ್ಳಿ ಸಾರ್, ಯಾರು ಬೇಡ ಅಂದ್ರು?" ಎಂದು ಗಾಡಿಯವನು ಗೋಗರೆದರೂ ಕೇಳುವುದಿಲ್ಲ. "ಆರ್ಸೋದು ನನ್ ಕೆಲ್ಸ ಅಲ್ಲಪ್ಪ, ಮಾಲು ಕಳ್ಸೋನ್ ಕೆಲ್ಸ" ಎಂದು ಬರಿಗೈಯಲ್ಲಿ ಮನೆಗೆ ಹೋಗುತ್ತಾರೆ. ಅವರ ಹೆಂಡತಿ ಸೊಣ್ಣಮ್ಮ ಇಪ್ಪತ್ತೆಂಟು ವರ್ಷದಿಂದ ತರಕಾರಿಯನ್ನು ತಾವೇ ಹೊತ್ತು ತರುತ್ತಿರುವುದು ಈ ಕಾರಣಕ್ಕೆ.

ಪೀಣ್ಯದಲ್ಲಿ ಯಂತ್ರಗಳ ಗೇರು ಚಕ್ರ ಮಾಡುವ ಒಂದು ಸಣ್ಣ ಕಾರ್ಖಾನೆಯಲ್ಲಿ ಮುನಿಯಣ್ಣ ಇಪ್ಪತ್ತಾರು ವರ್ಷ ಇನ್‌ಸ್ಪೆಕ್ಟರ್ ಆಗಿದ್ದರು. ಹೊರಗಿನಿಂದ ಬರುವ ಮಾಲನ್ನು ಅಳೆಯುವುದು, ಸರಿಯಿದ್ದರೆ ಹಸಿರು ಚೀಟಿ, ಕೆಟ್ಟಿದ್ದರೆ ಕೆಂಪು ಚೀಟಿ ಕಟ್ಟುವುದು ಅವರ ಕೆಲಸ. ಹಸಿರು ಚೀಟಿಯ ಕಟ್ಟು ವರ್ಷಗಟ್ಟಲೆ ಬರುತ್ತಿತ್ತಂತೆ, ಕೆಂಪು ಚೀಟಿಯನ್ನು ಮಾತ್ರ ತಿಂಗಳಿಗೊಮ್ಮೆ ಅಚ್ಚು ಹಾಕಿಸಬೇಕಾಗುತ್ತಿತ್ತಂತೆ. 2009ರಲ್ಲಿ ಆರ್ಡರುಗಳೆಲ್ಲ ನಿಂತು ಆ ಕಾರ್ಖಾನೆ ಬಾಗಿಲು ಹಾಕಿತು. ಆಗ ಮುನಿಯಣ್ಣನಿಗೆ ಐವತ್ತೊಂದು. ಆ ವಯಸ್ಸಿನವರನ್ನು ಪೀಣ್ಯದಲ್ಲಿ ಯಾರೂ ಕೂರಿಸಿ ಮಾತಾಡಿಸಲೂ ಇಲ್ಲ. ಎರಡು ವರ್ಷ ರಾಜಗೋಪಾಲನಗರದ ಮನೆಯಲ್ಲೇ ಕುಳಿತರು. ಇನ್‌ಸ್ಪೆಕ್ಟರ್ ಮನೆಯಲ್ಲಿ ಕುಳಿತರೆ ಏನಾಗುತ್ತದೆಂದು ಸೊಣ್ಣಮ್ಮನನ್ನು ಕೇಳಬೇಕು. ಒಂದು ಮಧ್ಯಾಹ್ನ ತಟ್ಟೆಯಲ್ಲಿದ್ದ ರಾಗಿಮುದ್ದೆಗೆ ವರ್ನಿಯರ್ ಅಳತೆಪಟ್ಟಿ ಹಿಡಿದು, ನಿನ್ನೆಯದಕ್ಕಿಂತ ನಾಲ್ಕು ಮಿಲಿಮೀಟರ್ ಕಮ್ಮಿ ಅಂದರಂತೆ. "ನೀನು ಕೆಲ್ಸ ಉಡುಕ್ತೀಯೋ, ಇಲ್ಲಾ ನಾನು ತವ್ರಿಗೆ ಓಗ್ಲೋ?" ಎಂದು ಸೊಣ್ಣಮ್ಮ ಕೇಳಿದ್ದು ಆವತ್ತೇ.

ಹಾಗೆ ಅವರು ಹುಡುಕಿಕೊಂಡು ಬಂದದ್ದು ನಮ್ಮ ಪ್ರಯೋಗಾಲಯಕ್ಕೆ. ಎಲೆಕ್ಟ್ರಾನಿಕ್ ಸಿಟಿಯ ಎರಡನೇ ಹಂತದಲ್ಲಿರುವ ಪುಟ್ಟ ಸಂಸ್ಥೆ ನಮ್ಮದು. ಔಷಧ ಕಂಪನಿಗಳು ಕಳಿಸುವ ಪ್ರೋಟೀನುಗಳನ್ನು ತೂಗಿ, ಇದು ಇಂಥದು, ಇದರಲ್ಲಿ ಇಷ್ಟು ಕಲಬೆರಕೆಯಿದೆ ಎಂದು ಹೇಳುವುದು ನಮ್ಮ ವ್ಯಾಪಾರ. 2011ರ ಜೂನಿನಲ್ಲಿ ಮುನಿಯಣ್ಣ ಸ್ಟೋರ್ಸ್ ನೋಡಿಕೊಳ್ಳಲು ಸೇರಿದರು. ಆರು ತಿಂಗಳು ಪರೀಕ್ಷಾರ್ಥ, ಆಮೇಲೆ ಸರಿ ಕಂಡರೆ ಖಾಯಂ. ರಾಜಗೋಪಾಲನಗರದಿಂದ ಎರಡು ಬಸ್ಸು, ಎರಡೂವರೆ ಗಂಟೆ. ಮೇಲ್ಸೇತುವೆಯ ಮೇಲೆ ಕಾರುಗಳು ಹಾರುತ್ತಿದ್ದರೆ ಅವರ ಬಸ್ಸು ಕೆಳಗೆ ಬೊಮ್ಮನಹಳ್ಳಿಯಲ್ಲಿ ನಿಂತಿರುತ್ತಿತ್ತು. ಆದರೂ ಎಂಟೂವರೆಗೆ ನಮ್ಮ ಗೇಟಿನಲ್ಲಿ ಮೊದಲ ಸಹಿ ಅವರದೇ. ಖಾಯಂ ಆಗಬೇಕು ಎಂಬ ಆಸೆಯನ್ನು ಅವರು ಮುಚ್ಚಿಡಲೂ ಇಲ್ಲ. "ಇದೊಂದ್ ಆಗೋದ್ರೆ ಸಾಕು ಕಣವ್ವ, ಸೊಣ್ಣ ರಾತ್ರಿ ನಿದ್ದೆ ಮಾಡ್ತಾಳೆ" ಎಂದು ನನಗೆ ಹತ್ತು ಸಲವಾದರೂ ಹೇಳಿದ್ದರು.

ನಾನು ವೇಣಿ. ದೊಡ್ಡನೆಕ್ಕುಂದಿಯವಳು. ಊರಲ್ಲಿ ಕಂಪನಿಗಳು ಬರುವುದಕ್ಕೆ ಮೊದಲಿನಿಂದ ಇದ್ದ ಮನೆ ನಮ್ಮದು. ಪ್ರಯೋಗಾಲಯದಲ್ಲಿ ಮಾಸ್ ಸ್ಪೆಕ್ಟ್ರೋಮೀಟರ್ ನಡೆಸುವುದು ನನ್ನ ಕೆಲಸ. ಹೆಸರು ದೊಡ್ಡದು, ಕೆಲಸ ತಕ್ಕಡಿಯದು. ಪ್ರೋಟೀನ್ ಕರಗಿಸಿದ ನೀರನ್ನು ಒಂದು ಸೂಜಿಯ ಮೂಲಕ ಹರಿಸಿ, ಸೂಜಿಗೆ ವಿದ್ಯುತ್ ಕೊಟ್ಟರೆ, ತುದಿಯಿಂದ ಕಣ್ಣಿಗೆ ಕಾಣದಷ್ಟು ಸಣ್ಣ ಮಂಜು ಹಾರುತ್ತದೆ. ಆ ಮಂಜಿನ ಕಣಗಳನ್ನು ಯಂತ್ರ ಹೀರಿಕೊಂಡು ತೂಗುತ್ತದೆ. ಯಂತ್ರ ಕೋಟಿಗಟ್ಟಲೆಯದು, ಆದರೆ ಅದರ ಮಾನ ಇರುವುದು ಎರಡು ಇಂಚಿನ ಸೂಜಿಯ ಕೈಯಲ್ಲಿ. ಸೂಜಿಯ ತೂತು ತಲೆಗೂದಲಿಗಿಂತ ಸಣ್ಣದು. ಕಟ್ಟಿಕೊಂಡರೆ ಮಂಜು ನಿಲ್ಲುತ್ತದೆ. ತುದಿ ವಕ್ರವಾಗಿದ್ದರೆ ಮಂಜಿನ ಬದಲು ಹನಿ ತೊಟ್ಟಿಕ್ಕುತ್ತದೆ. ಯಾರೋ ವರ್ಷಗಟ್ಟಲೆ ಕಷ್ಟಪಟ್ಟು ತಯಾರಿಸಿದ ಒಂದು ತೊಟ್ಟು ಮಾದರಿ ನೆಲದ ಪಾಲಾಗುತ್ತದೆ.

ನಾವು ಮೊದಲು ಬಳಸುತ್ತಿದ್ದದ್ದು ಗಾಜಿನ ಸೂಜಿ. ಪಕ್ಕದಲ್ಲಿ ಯಾರಾದರೂ ಸೀನಿದರೆ ಮುರಿಯುವ ಜಾತಿ. ನಮ್ಮ ಮುಖ್ಯಸ್ಥರಾದ ಡಾಕ್ಟರ್ ಸಿದ್ಧಾರ್ಥ್ ಅಕ್ಟೋಬರಿನಲ್ಲಿ ಒಂದು ದಿನ ಮೂರು ಗಾಜಿನ ಸೂಜಿಗಳನ್ನು ಸಾಲಾಗಿ ಕಳೆದುಕೊಂಡು, ಇನ್ನು ಮುಂದೆ ಉಕ್ಕಿನ ಸೂಜಿ ಎಂದು ಘೋಷಿಸಿದರು. ಮೂರು ಕಂಪನಿಗಳಿಂದ ಹತ್ತು ಹತ್ತು ಸೂಜಿ ತರಿಸುವುದು, ಒಂದೊಂದನ್ನೂ ಗಿರಾಕಿ ಕಂಪನಿಯೊಂದು ಕಳಿಸಿದ ಒಂದೇ ಪ್ರೋಟೀನಿನ ಮೇಲೆ ಒಂದೊಂದು ಗಂಟೆ ಓಡಿಸುವುದು, ಯಾವುದು ಕೈಕೊಡುವುದಿಲ್ಲವೋ ಅದಕ್ಕೆ ವರ್ಷದ ಆರ್ಡರು. ಇದು ತೀರ್ಮಾನ. ಓಡಿಸುವವಳು ನಾನು. ತರಿಸಿ, ಪರೀಕ್ಷಿಸಿ, ಕೊಡುವವರು ಮುನಿಯಣ್ಣ.

ಮುನಿಯಣ್ಣನಿಗೆ ಹಬ್ಬ. ಗಾಜು ಬಂದಾಗಲೆಲ್ಲ ಅವರು ಪೆಟ್ಟಿಗೆಯನ್ನು ದೂರದಿಂದ ನೋಡಿ ಕಳಿಸುತ್ತಿದ್ದರು. ಉಕ್ಕು ಅಂದರೆ ಅವರ ಮನೆದೇವರು. ಮೂವತ್ತು ಸೂಜಿಗಳನ್ನೂ ಒಂದೊಂದಾಗಿ ಭೂತಗನ್ನಡಿಯಲ್ಲಿ ನೋಡಿ, ಉದ್ದ ಅಳೆದು, ನಾಲ್ಕನ್ನು ಕೆಂಪು ಚೀಟಿ ಕಟ್ಟಿ ವಾಪಸು ಕಳಿಸಿ ಬದಲಿ ತರಿಸಿದರು. ಆ ಚೀಟಿ ನೋಡಿ ಜರ್ಮನಿಯ ಕಂಪನಿಯವರು ಮಿಂಚಂಚೆಯಲ್ಲಿ ಕ್ಷಮೆ ಕೇಳಿದರು. ನಾನು ನಾಲ್ಕು ವರ್ಷದಿಂದ ಅವರಿಗೆ ಬರೆಯುತ್ತಿದ್ದೆ, ಉತ್ತರವೇ ಬಂದಿರಲಿಲ್ಲ.

ಪರೀಕ್ಷೆ ಶುರುವಾಯಿತು. ಮೊದಲ ಕಂಪನಿಯ ಮೊದಲ ಸೂಜಿ. ಮಂಜು ಚೆನ್ನಾಗಿಯೇ ಹಾರಿತು. ಆದರೆ ಪರದೆಯ ಮೇಲೆ ಪ್ರೋಟೀನಿನ ಗೆರೆಗಳ ನಡುವೆ ಒಂದು ಅಪರಿಚಿತ ಗೆರೆ, ಕರೆಯದೆ ಊಟಕ್ಕೆ ಬಂದ ನೆಂಟನ ಹಾಗೆ, ಎಲ್ಲರಿಗಿಂತ ಎತ್ತರಕ್ಕೆ ನಿಂತಿತ್ತು. ತೂಕ ಒಂಬೈನೂರ ಐವತ್ತೈದು. ಎರಡನೇ ಸೂಜಿಯಲ್ಲೂ ಅದೇ. ಹತ್ತರಲ್ಲೂ ಅದೇ. ಆ ಕಂಪನಿಯನ್ನು ನಾವು ಮನಸಾರೆ ಬೈದೆವು. ಎರಡನೇ ಕಂಪನಿಯ ಸೂಜಿಯಲ್ಲೂ ಅದೇ ಒಂಬೈನೂರ ಐವತ್ತೈದು. ಮೂರನೆಯದರಲ್ಲೂ. ಬೈಯಲು ಕಂಪನಿಗಳು ಮುಗಿದವು.

ಸಿದ್ಧಾರ್ಥ್ ಸಾರ್ ಎರಡು ದಿನ ಬಾಗಿಲು ಹಾಕಿಕೊಂಡು ಆ ತೂಕದ ವಸ್ತು ಏನೆಂದು ಹುಡುಕಿದರು. ಮೂರನೇ ದಿನ ಬೆಳಿಗ್ಗೆ ನಮ್ಮ ನಾಲ್ಕು ಜನರನ್ನು ಒಳಗೆ ಕರೆದರು. ಮುಖದಲ್ಲಿ ಗೆಲುವೂ ಮುಜುಗರವೂ ಬೆರೆತಿತ್ತು.

"ಇಟ್ಸ್ ಕ್ಯಾಸ್ಟರ್ ಆಯಿಲ್" ಅಂದರು. "ಹರಳೆಣ್ಣೆ. ನೋಡಿ, ಇದು ಪರ್ಸನಲ್ ವಿಷಯ, ತಪ್ಪು ತಿಳ್ಕೋಬೇಡಿ. ನಿಮ್ಮಲ್ಲಿ ಯಾರಾದ್ರೂ... ಈಚೆಗೆ... ಹೊಟ್ಟೆ ಕ್ಲೀನ್ ಮಾಡ್ಕೊಳ್ಳೋಕೆ ತಗೊಂಡಿದ್ದೀರಾ?"

ಎಂ.ಎಸ್ಸಿ. ಮಾಡಿದ ನಾಲ್ಕು ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಯಾರೂ ತಗೊಂಡಿರಲಿಲ್ಲ. ಆದರೆ ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ನನ್ನ ಕೈ ತಾನಾಗಿ ಜಡೆಗೆ ಹೋಯಿತು. ಸಿದ್ಧಾರ್ಥ್ ಸಾರ್ ಅದನ್ನು ನೋಡಿಬಿಟ್ಟರು.

ನಮ್ಮಜ್ಜಿ ವೆಂಕಟಮ್ಮ ಪ್ರತಿ ಭಾನುವಾರ ನನ್ನ ತಲೆಗೆ ಹರಳೆಣ್ಣೆ ತಟ್ಟುತ್ತಿದ್ದದ್ದು ನಿಜ. ಹಿಂದೆ ನಮ್ಮ ಹೊಲದ ಅಂಚಿನಲ್ಲಿ ಬೆಳೆಯುತ್ತಿದ್ದ ಹರಳು. ಹೊಲದಲ್ಲಿ ಈಗ ಅಪಾರ್ಟ್‌ಮೆಂಟ್ ಎದ್ದಿದೆ. ಆದರೆ ಅದರ ಕಾಂಪೌಂಡಿನ ಹೊರಗೆ ನಾಲ್ಕು ಗಿಡ ಹಟ ಹಿಡಿದು ಹುಟ್ಟುತ್ತವೆ. ಅಜ್ಜಿ ಸೆಕ್ಯುರಿಟಿಯವನ ಕಣ್ಣೆದುರಿಗೇ ಬೀಜ ಬಿಡಿಸಿಕೊಂಡು ಬಂದು, ಹುರಿದು, ಕುಟ್ಟಿ, ಕುದಿಸಿ ಎಣ್ಣೆ ತೆಗೆಯುತ್ತದೆ. ನಾನು ಎರಡು ಟೋಪಿ, ಮಾಸ್ಕು, ಕೈಗವಸು ಹಾಕಿಕೊಂಡೇ ಯಂತ್ರ ಮುಟ್ಟುವವಳು. ಅದನ್ನೆಲ್ಲ ಹೇಳಿದೆ. ಕೇಳುವವರು ಯಾರು? ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಸಂಜೆಯೊಳಗೆ ನನ್ನ ಕೈಗೆ ಒಂದು ಮೆಮೋ ಬಂತು: ವೈಯಕ್ತಿಕ ಸ್ವಚ್ಛತೆಯ ಕೊರತೆಯಿಂದ ಮಾದರಿಗಳು ಕಲುಷಿತಗೊಂಡಿವೆ. ಓದಿ ಮೈಯೆಲ್ಲ ಉರಿದುಹೋಯಿತು. ಆ ಉರಿಯನ್ನು ಮನೆಗೆ ಹೋಗಿ ಅಜ್ಜಿಯ ಮೇಲೆ ಸುರಿದೆ.

"ನಿಮ್ಮಪ್ಪನ್ನ, ನಿಮ್ಮತ್ತೇನ ಎಲ್ಲಾ ಇದೇ ಎಣ್ಣೇಲಿ ಬೆಳ್ಸಿದ್ದು ಕಣೇ" ಎಂದಿತು ಅಜ್ಜಿ. "ನಿಮ್ ಮಿಸನ್ನು ಅದೇನ್ ಅಂಥಾ ಮಾರಾಣಿ ಮಗ್ಳೋ ನಾಕಾಣೆ." ಆಮೇಲೆ ಎಣ್ಣೆ ಶೀಸೆಯನ್ನು ಅಟ್ಟದ ಮೇಲಿಟ್ಟು, ಎರಡು ವಾರ ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ.

ಇತ್ತ ಪ್ರಯೋಗಾಲಯದ ಬಾಗಿಲಲ್ಲಿ ಎಣ್ಣೆ ತಪಾಸಣೆ ಶುರುವಾಯಿತು. ಒಳಗೆ ಹೋಗುವವರ ಹಣೆ, ಕಿವಿಯ ಹಿಂಭಾಗ, ಬೈತಲೆಗೆ ಟಿಶ್ಯೂ ಕಾಗದ ಒತ್ತಿ ಬೆಳಕಿಗೆ ಹಿಡಿದು ನೋಡುವುದು. ಈ ಕೆಲಸ ಯಾರಿಗೆ ಬಿತ್ತು ಅಂತ ಹೇಳಬೇಕೆ? ಮುನಿಯಣ್ಣ ಕುರ್ಚಿ ಹಾಕಿಕೊಂಡು ಕುಳಿತರು. ಮೊದಲ ದಿನ ಏಳು ಜನ ವಾಪಸ್. ಎರಡನೇ ದಿನ ಸಿದ್ಧಾರ್ಥ್ ಸಾರ್ ಹಣೆಗೂ ಟಿಶ್ಯೂ ಒತ್ತಿ, "ಸಾರ್, ತಾವೂ ಒಂದ್ ದಪ ಮುಖ ತೊಳ್ಕಂಡ್ ಬಂದ್ಬುಡಿ" ಅಂದರು. ಸಾರ್ ಮರುಮಾತಿಲ್ಲದೆ ಹೋಗಿ ತೊಳೆದುಕೊಂಡು ಬಂದರು. ನಾನಂತೂ ದಿನಾ ಶಾಂಪೂ ಹಾಕಿ ಹಾಕಿ, ನನ್ನ ತಲೆ ತೆಂಗಿನ ನಾರಿನ ಹಾಗಾಗಿತ್ತು. ಆದರೂ ಆ ಗೆರೆ ಹೋಗಲಿಲ್ಲ.

ಅಷ್ಟರಲ್ಲಿ ರೇವಣಸಿದ್ದ ಬಂದ. ಮೂರನೇ ಕಂಪನಿಯ ಸೂಜಿ ಮಾರುವ ಏಜೆಂಟು, ಬಿಜಾಪುರದ ಕಡೆಯವನು. ತನ್ನ ಮಾಲಿಗೂ ಕೆಟ್ಟ ಹೆಸರು ಬಂದಿದೆ ಎಂದು ಕೇಳಿ, ಕ್ಯಾಂಟೀನಿನಲ್ಲಿ ನನ್ನೆದುರು ಕುಳಿತ.

"ಅದ ಲಾಟಿಂದು ಒಂದ ಸೂಜಿ ನನ್ನ ಬ್ಯಾಗಿನ್ಯಾಗ ಐತ್ರಿ ಮೇಡಂ, ಸೀಲ್ ಸುದ್ದಾ ಒಡದಿಲ್ಲ. ಒಮ್ಮೆ ಹಾಕಿ ನೋಡ್ರಿ. ಚೊಲೋ ಬರ್ಲಿಲ್ಲಂದ್ರ ಒಗದ್ಬಿಡ್ರಿ, ನಾ ಮತ್ತ ಈ ಕಡೆ ಮಾರಿ ತೋರ್ಸೂದಿಲ್ಲ."

ಪಾಪ ಅನ್ನಿಸಿ ಕೋಟಿನ ಜೇಬಿಗೆ ಹಾಕಿಕೊಂಡು ಹೋಗಿ ಮಧ್ಯಾಹ್ನ ಓಡಿಸಿದೆ. ಪರದೆಯ ಮೇಲೆ ಪ್ರೋಟೀನು ಮಾತ್ರ. ಒಂಬೈನೂರ ಐವತ್ತೈದರ ಜಾಗ ಖಾಲಿ.

ನಾನು ಕಿರುಚಿದ್ದು ಕೇಳಿ ಸಿದ್ಧಾರ್ಥ್ ಸಾರ್ ಓಡಿ ಬಂದರು. ನೋಡಿದರು. "ಸೀ, ವೇಣಿ? ಎರಡು ವಾರ ಎಣ್ಣೆ ಬಿಟ್ಟಿದ್ದಕ್ಕೆ ಕ್ಲಿಯರ್ ಆಯ್ತು" ಎಂದು ನನ್ನ ತಲೆಗೂದಲನ್ನು ಅಭಿನಂದಿಸಿದರು. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತು. ಅವತ್ತೇ ಗಿರಾಕಿ ಕಂಪನಿಗೆ ವರದಿ ಹೋಯಿತು: ಕಾರಣ, ವಿಶ್ಲೇಷಕಿಯ ತಲೆಯೆಣ್ಣೆ, ಸರಿಪಡಿಸಲಾಗಿದೆ, ಪ್ರಕರಣ ಮುಕ್ತಾಯ.

ಸಂಜೆ ನಾನೇ ಬಾಯಿಬಿಟ್ಟು ಮುನಿಯಣ್ಣನಿಗೆ ಹೇಳಿದೆ. ಖುಷಿಪಡುತ್ತಾರೆಂದುಕೊಂಡರೆ ಕೆಂಡವಾದರು.

"ಸ್ಟೋರ್ಸ್‌ಗೆ ಬರ್ದೆ ಸೂಜಿ ಒಳಿಕ್ಕೆ ಓಯ್ತಾ? ಎಂಟ್ರಿ ಇಲ್ಲ, ಇನ್‌ಸ್ಪೆಕ್ಷನ್ ಇಲ್ಲ, ಜೇಬಲ್ಲಿಕ್ಕೊಂಡ್ ಓದ್ಯಾ? ಬಸ್ಸಲ್ಲಿ ಕಡ್ಲೇಕಾಯಿ ಮಾರ್ದಂಗೆ?"

"ಅಯ್ಯೋ ಬಿಡಿ ಮುನಿಯಣ್ಣ, ಕ್ಲೀನಾಗಿ ಬಂತಲ್ಲ! ಸ್ಟೋರ್ಸಿಂದ ಬಂದಿದ್ದು ಮೂವತ್ತೂ ಗಲೀಜು, ಇದೊಂದೇ ಚೆನ್ನಾಗಿದ್ದಿದ್ದು" ಅಂದೆ ನಾನು, ಮಾತಿಗೆ ಮಾತು.

ಅವರು ಇನ್ನೇನೋ ಬೈಯಲು ಬಾಯಿ ತೆರೆದವರು ಹಾಗೇ ನಿಂತರು. ಆಮೇಲೆ ಮೆಲ್ಲಗೆ ಕೇಳಿದರು: "ಮೂರು ಕಂಪ್ನಿ ಮಾಲೂ ಒಂದೇ ತರ ಕೆಟ್ಟಿತ್ತಾ? ಒಂಚೂರೂ ಯತ್ವಾಸ ಇಲ್ದಂಗೆ?"

"ಹೂಂ."

"ಪೀಣ್ಯದಲ್ಲಿ ನಮ್ಗೊಂದು ರೂಲ್ ಇತ್ತು ಕಣವ್ವ. ಒಬ್ಬ ಸಪ್ಲೈಯರ್ ಮಾಲು ಕೆಟ್ರೆ ಮಾಲ್ ನೋಡು. ಮೂರ್ ಜನದ್ದೂ ಒಂದೇ ತರ ಕೆಟ್ರೆ ನಿನ್ ಅಳತೆ ಗೇಜ್ ನೋಡ್ಕೋ." ಅಷ್ಟು ಹೇಳಿ ಸ್ಟೋರ್ಸಿನೊಳಗೆ ಹೋಗಿ ಬಾಗಿಲು ಹಾಕಿಕೊಂಡರು.

ಮರುದಿನ ಎಂಟೂವರೆಗೆ ನನಗಾಗಿ ಕಾದಿದ್ದರು. ಕೈಯಲ್ಲಿ ಎರಡು ಸೂಜಿ, ಎರಡೂ ಹೊಸವು, ಹಿಂದಿನ ಸಂಜೆಯೇ ರೇವಣಸಿದ್ದನಿಂದ ತರಿಸಿಕೊಂಡ ಒಂದೇ ಪೆಟ್ಟಿಗೆಯವು. "ಎರಡ್ನೂ ಓಡ್ಸಿ ನೋಡವ್ವ. ಏನೂ ಕೇಳ್ಬ್ಯಾಡ" ಅಂದರು. ಓಡಿಸಿದೆ. ಒಂದು ಶುದ್ಧ. ಇನ್ನೊಂದರಲ್ಲಿ ನಮ್ಮ ಹಳೆಯ ನೆಂಟ ಎದ್ದು ನಿಂತಿದ್ದ. ಹೊರಗೆ ಬಂದು ಹೇಳಿದೆ. ಅವರು ಗೋಡೆಗೆ ಒರಗಿಕೊಂಡರು.

"ಅದಕ್ಕೆ ನಾನು ಅಳ್ಳೆಣ್ಣೆ ಒರ್ಸಿದ್ದೆ. ಮೂವತ್ತಕ್ಕೂ ಒರ್ಸಿದ್ದೆ" ಅಂದರು.

ಪೀಣ್ಯದಲ್ಲಿ ಉಕ್ಕಿನ ಸಾಮಾನನ್ನು ಒಣಗಲು ಬಿಡುವುದು ಅಂದರೆ ಕೂಸನ್ನು ಬಿಸಿಲಲ್ಲಿ ಮಲಗಿಸಿದ ಹಾಗೆ. ಅಳೆದ ಮೇಲೆ ಎಣ್ಣೆಬಟ್ಟೆಯಲ್ಲಿ ಒರೆಸಿ, ಕಾಗದದಲ್ಲಿ ಸುತ್ತಿಡಬೇಕು, ಇಲ್ಲದಿದ್ದರೆ ತುಕ್ಕು. ಇಪ್ಪತ್ತಾರು ವರ್ಷ ಅವರ ಕೈ ಮಾಡಿದ್ದು ಅದನ್ನೇ. ಇದು ಸ್ಟೇನ್‌ಲೆಸ್, ತುಕ್ಕು ಹಿಡಿಯುವುದಿಲ್ಲ ಎಂದು ನಾನು ಹಲ್ಲು ಕಚ್ಚಿ ಹೇಳಿದರೆ, "ಅಂಗಂತ ಪಾತ್ರೆ ಅಂಗ್ಡಿಯೋನೂ ಏಳ್ತಾನೆ" ಅಂದರು. ಮೆಷಿನ್ ಎಣ್ಣೆ ಬಿಟ್ಟು ಹರಳೆಣ್ಣೆ ಯಾಕೆ? ಸೇರಿದ ದಿನ ಸಿದ್ಧಾರ್ಥ್ ಸಾರ್ ಕಟ್ಟುನಿಟ್ಟಾಗಿ ಹೇಳಿದ್ದರಂತೆ, ಅನುಮತಿಯಿಲ್ಲದೆ ಯಾವ ಕೆಮಿಕಲ್ಲನ್ನೂ ಸ್ಟೋರ್ಸಿಗೆ ತರಕೂಡದು ಎಂದು. ಮುನಿಯಣ್ಣ ಆ ನಿಯಮವನ್ನು ಚಾಚೂ ತಪ್ಪದೆ ಪಾಲಿಸಿ ಮನೆಯಿಂದ ಎಣ್ಣೆ ತಂದಿದ್ದರು. ಬಾಗಿಲಲ್ಲಿ ಕುಳಿತು ಎರಡು ವಾರ ಜನರ ಹಣೆ ಒರೆಸುತ್ತಿದ್ದಾಗ ನೆನಪಾಗಲಿಲ್ಲವೇ? ಇಲ್ಲ. ಸಾರ್ ಅವರಿಗೆ ಹೇಳಿದ್ದು ತಲೆಯೆಣ್ಣೆ ನೋಡಿ ಅಂತ ಮಾತ್ರ. ಅವರ ಲೆಕ್ಕದಲ್ಲಿ ತಲೆಗೆ ಹಚ್ಚುವುದು ಎಣ್ಣೆ, ಉಕ್ಕಿಗೆ ಹಚ್ಚುವುದು ಕಾಪು. ಸೀರೆಯ ಮಡಿಕೆಯಲ್ಲಿ ಇಡುವ ನುಸಿಗುಳಿಗೆಯನ್ನು ಯಾರು ಕೊಳೆ ಅಂದುಕೊಳ್ಳುತ್ತಾರೆ?

ನನಗೆ ಅವರನ್ನು ಅದೇ ಎಣ್ಣೆಯಲ್ಲಿ ಬೋಂಡಾ ಕರಿದ ಹಾಗೆ ಕರಿಯಬೇಕು ಅನ್ನಿಸಿತು. ನನ್ನ ಮೆಮೋ, ನನ್ನ ಕೂದಲು, ನನ್ನ ಅಜ್ಜಿಯ ಮುನಿಸು. ಬೈಯಲು ಬಾಯಿ ತೆರೆದೆ, ನಗು ಬಂತು. ನಕ್ಕು ನಕ್ಕು ಕಾರಿಡಾರಿನಲ್ಲೇ ಕುಳಿತೆ. ಅವರು ಮಾತ್ರ ನಗಲಿಲ್ಲ. ಅವರು ಖಾಯಂ ಆಗಲು ಇನ್ನು ಮೂರೇ ವಾರವಿತ್ತು.

"ಯಾರ್ಗೂ ಗೊತ್ತಾಗಲ್ಲ, ಸುಮ್ನಿದ್ಬಿಡಿ ಮುನಿಯಣ್ಣ" ಎಂದೆ. ಅಷ್ಟರಲ್ಲಿ ಅವರು ಕೆಂಪು ಚೀಟಿ ತುಂಬಿಸಿ ತಂದಿದ್ದರು. ಮಾಲು: ಮೂವತ್ತು ಸೂಜಿ. ದೋಷ: ಎಣ್ಣೆ. ಕಾರಣ: ಮುನಿಯಪ್ಪ, ಸ್ಟೋರ್ಸ್. ಕಾಗದದ ಮೇಲೆ ಅವರ ಹೆಸರು ಅದೇ. ನೇರ ಸಿದ್ಧಾರ್ಥ್ ಸಾರ್ ಮೇಜಿನ ಮೇಲಿಟ್ಟರು.

ಸಾರ್ ಓದಿದರು, ಕನ್ನಡಕ ತೆಗೆದರು, ಕಣ್ಣು ಉಜ್ಜಿಕೊಂಡರು. ಅವರು ಕೆಟ್ಟವರಲ್ಲ. "ಮುನಿಯಣ್ಣ, ರಿಪೋರ್ಟ್ ಕ್ಲೋಸ್ ಆಗಿದೆ. ಕ್ಲೈಂಟ್ ಹ್ಯಾಪಿ. ಈಗ ಮತ್ತೆ ಓಪನ್ ಮಾಡಿದ್ರೆ ಮುಂದಿನ ತಿಂಗಳು ಆಡಿಟ್‌ನಲ್ಲಿ ನಮ್ಮ ಮಾನ ಹರಾಜು. ಇನ್ಮೇಲೆ ಎಣ್ಣೆ ಹಾಕ್ಬೇಡಿ, ಅಷ್ಟೆ. ನಿಮ್ಮ ಕನ್ಫರ್ಮೇಶನ್‌ಗೆ ನಾನು ರೆಕಮೆಂಡ್ ಮಾಡ್ತಿದ್ದೀನಿ." ಚೀಟಿಯನ್ನು ಡ್ರಾಯರಿಗೆ ಹಾಕಿ ನನ್ನ ಕಡೆ ತಿರುಗಿದರು. "ವೇಣಿ, ಅದೊಂದು ಮೆಮೋ ಅಷ್ಟೆ. ಯು ಡೋಂಟ್ ಮೈಂಡ್, ಅಲ್ವಾ?"

ಆ ಮೆಮೋ ಹರಿದು ಕೊಡಿ ಎನ್ನಬೇಕೆನಿಸಿತು. ಆದರೆ ಸೊಣ್ಣಮ್ಮನ ನಿದ್ದೆ ನೆನಪಾಯಿತು. ಪರವಾಗಿಲ್ಲ ಸಾರ್ ಅಂದೆ. ಮುನಿಯಣ್ಣ ನನ್ನನ್ನೇ ನೋಡುತ್ತಾ ನಿಂತಿದ್ದರು.

ಮೂವತ್ತು ಹೊಸ ಸೂಜಿಗಳನ್ನು ತರಿಸಿ, ಎಣ್ಣೆ ಸೋಕಿಸದೆ, ಪರೀಕ್ಷೆಯನ್ನು ಮತ್ತೆ ಮಾಡಿದೆವು. ಮೊದಲ ಕಂಪನಿಯ ಒಂದು ಸೂಜಿ ಎಷ್ಟು ಸೊಗಸಾಗಿ ಮಂಜು ಹಾರಿಸಿತೆಂದರೆ ನಾನು ಅದರ ಫೋಟೋ ತೆಗೆದುಕೊಂಡೆ. ಆದರೆ ಅದೇ ಪೆಟ್ಟಿಗೆಯ ಮೂರು ಸೂಜಿ ಅರ್ಧ ಗಂಟೆಯಲ್ಲಿ ಕಟ್ಟಿಕೊಂಡವು. ಎರಡನೆಯದರಲ್ಲಿ ಎರಡು ಬರೀ ತೊಟ್ಟಿಕ್ಕಿದವು. ರೇವಣಸಿದ್ದನ ಹತ್ತು ಸೂಜಿಗಳಲ್ಲಿ ಒಂದೂ ಅದ್ಭುತವಲ್ಲ. ಹತ್ತೂ ಒಂದು ಗಂಟೆ ಒಂದೇ ಸಮ ಓಡಿದವು. ಸಿದ್ಧಾರ್ಥ್ ಸಾರ್ ಮನಸ್ಸು ಫೋಟೋದ ಸೂಜಿಯ ಮೇಲೆ. ಮುನಿಯಣ್ಣನನ್ನು ಕರೆದು ಕೇಳಿದರು.

"ಅದು ಸಕ್ಕತ್ತಾಗದೆ ಸಾರ್, ಇಲ್ಲ ಅನ್ನಲ್ಲ" ಅಂದರು ಮುನಿಯಣ್ಣ. "ಆದ್ರೆ ನೀವ್ ದಿನಾ ಬೆಳಿಗ್ಗೆ ಪೆಟ್ಗೆಗೆ ಕೈ ಆಕ್ದಾಗ ಅದೇ ಸಿಗ್ತದಾ? ಚೆಂದಾಗಿರೋ ಒಂದು ನಮ್ಗೆ ಬ್ಯಾಡ. ಒಂದರಂಗೇ ಒಂಬತ್ತು ಇರೋದು ಬೇಕು."

ಆರ್ಡರು ರೇವಣಸಿದ್ದನಿಗೆ ಹೋಯಿತು. ಅವನು ಒಂದು ಡಬ್ಬಿ ಧಾರವಾಡ ಪೇಡೆ ತಂದುಕೊಟ್ಟ. ಮುನಿಯಣ್ಣ ಸಪ್ಲೈಯರ್ ಕೈಯಿಂದ ಏನೂ ತಗೊಳ್ಳುವುದಿಲ್ಲವಾದ್ದರಿಂದ ಅಷ್ಟನ್ನೂ ನಾವೇ ತಿಂದೆವು.

ಡಿಸೆಂಬರಿನ ಎರಡನೇ ವಾರ, ಸೋಮವಾರ, ಎಚ್‌ಆರ್‌ನ ಭುವನೇಶ್ವರಿ ಮುನಿಯಣ್ಣನನ್ನು ಕರೆದು ಖಾಯಂ ಪತ್ರ ಮುಂದಿಟ್ಟಳು. ನಾವೆಲ್ಲ ಗಾಜಿನ ಬಾಗಿಲ ಈಚೆ ನಿಂತಿದ್ದೆವು. ಅವರು ಭೂತಗನ್ನಡಿ ತೆಗೆದು ಓದಿದರು. ಒಂದು ಸಾಲಿನ ಮೇಲೆ ಬೆರಳಿಟ್ಟರು. ಪತ್ರವನ್ನು ಮೆಲ್ಲಗೆ ಅವಳ ಕಡೆ ಸರಿಸಿದರು.

"ಇದ್ರಲ್ಲಿ ತಪ್ಪೈತೆ ಮೇಡಂ."

ಆ ಸಾಲಿನಲ್ಲಿ ಇದ್ದದ್ದು ಇಷ್ಟು: ಪರೀಕ್ಷಾರ್ಥ ಅವಧಿಯಲ್ಲಿ ಇವರ ಕೆಲಸದಲ್ಲಿ ಯಾವುದೇ ಲೋಪ ಕಂಡುಬಂದಿಲ್ಲ.

"ಅಯ್ಯೋ, ಅದು ಟೆಂಪ್ಲೇಟ್ ಅಣ್ಣ! ಎಲ್ರಿಗೂ ಅದೇ ಇರುತ್ತೆ."

"ಎಲ್ರಿಗೂ ಇರ್ಲಿ. ನನ್ನಲ್ಲಿ ಲೋಪ ಐತೆ. ಬರೀರಿ."

ಭುವನೇಶ್ವರಿ ನಕ್ಕಳು, ಆಮೇಲೆ ಬೇಡಿದಳು, ಕೊನೆಗೆ ಹೆದರಿಸಿದಳು. ಶುಕ್ರವಾರ ಅವಧಿ ಮುಗಿಯುತ್ತದೆ, ಸಹಿ ಬೀಳದಿದ್ದರೆ ಸೋಮವಾರದಿಂದ ಗೇಟಿನೊಳಗೆ ಬಿಡುವುದಿಲ್ಲ. "ಆಯ್ತು" ಎಂದು ಮುನಿಯಣ್ಣ ಎದ್ದು ಬಂದು ಹತ್ತಿಯ ಉಂಡೆಗಳ ಲೆಕ್ಕ ಮಾಡಲು ಕುಳಿತರು.

ಮಂಗಳವಾರ ನಾವೆಲ್ಲ ಸೇರಿ ಹೇಳಿದೆವು. ಬುಧವಾರ ಸಿದ್ಧಾರ್ಥ್ ಸಾರ್ ತಾವೇ ಸ್ಟೋರ್ಸಿಗೆ ಇಳಿದು ಬಂದು ಹೇಳಿದರು. ಗುರುವಾರ ನಾನು ಕೊನೆಯ ಅಸ್ತ್ರವೆಂದು ಸೊಣ್ಣಮ್ಮನಿಗೆ ಫೋನ್ ಮಾಡಿ ಎಲ್ಲ ವರದಿ ಒಪ್ಪಿಸಿದೆ. ಆ ಕಡೆಯಿಂದ ಒಂದು ನಿಟ್ಟುಸಿರು ಬಂತು. "ನಾನೇನ್ ಏಳ್ಲವ್ವ? ಒಂದ್ ಟೊಮೇಟೊ ಒಪ್ಸಕ್ಕಾಗ್ಲಿಲ್ಲ ನನ್ ಕೈಲಿ."

ಶುಕ್ರವಾರ ಮಧ್ಯಾಹ್ನ ಮೂರು ಗಂಟೆಗೆ ನನ್ನ ತಾಳ್ಮೆ ಮುಗಿಯಿತು. ಸ್ಟೋರ್ಸಿನ ಬಾಗಿಲು ದಬ್ಬಿ ಒಳಗೆ ಹೋಗಿ ಕೂಗಾಡಿದೆ. "ಒಂದೇ ಒಂದು ಸಾಲು ಮುನಿಯಣ್ಣ! ಯಾರೂ ಓದಲ್ಲ ಅದನ್ನ! ನಿಮ್ಮ ಹಟಕ್ಕೆ ಆಯಮ್ಮ ಮತ್ತೆ ಎರಡು ವರ್ಷ ಕಣ್ಣೀರು ಹಾಕ್ಬೇಕಾ? ಇದೆಲ್ಲಾ ದೊಡ್ಡ ಪ್ರಾಮಾಣಿಕತೆ ಅಂತ ತಿಳ್ಕೊಂಡಿದ್ದೀರಾ? ಇದು ಜಂಬ, ಬರೀ ಜಂಬ!"

ಅವರು ಲೆಕ್ಕದ ಪುಸ್ತಕ ಮುಚ್ಚಿದರು. ಸಿಟ್ಟಿರಲಿಲ್ಲ.

"ಕುತ್ಕೊ. ಎಣ್ಣೆ ತಪ್ಪು ವೇಣೀದು ಅಂತ ನಿನ್ ಫೈಲಲ್ಲಿ ಒಂದ್ ಕಾಗ್ದ ಐತೆ. ಮುನಿಯಪ್ಪಂದು ಏನೂ ತಪ್ಪಿಲ್ಲ ಅಂತ ಈ ಕಾಗ್ದದಲ್ಲಿ ಐತೆ. ಇದಕ್ಕೆ ನಾನು ಸೈನ್ ಆಕುದ್ರೆ ಅದು ನಿಜ ಆಗೋಯ್ತದೆ ಕಣವ್ವ. ನಾಳೆ ನೀನು ಬೇರೆ ಕಡೆ ಕೆಲ್ಸಕ್ಕೆ ಓದ್ರೂ ಅದು ನಿನ್ ಇಂದೆ ಬತ್ತದೆ. ನಿನ್ಗೆ ಇನ್ನೂ ಮೂವತ್ತು ವರ್ಸ ಸರ್ವೀಸ್ ಐತೆ. ನನ್ಗೆ ಎಷ್ಟೈತೆ?"

ಐದು ದಿನದಿಂದ ಈ ಮನುಷ್ಯ ತನ್ನ ಅನ್ನದ ತಟ್ಟೆಯನ್ನು ಪಕ್ಕಕ್ಕಿಟ್ಟು ಕುಳಿತದ್ದು ನನ್ನ ಸಲುವಾಗಿ. ಜಂಬ ಅಂದ ನಾಲಗೆಯನ್ನು ಕಚ್ಚಿಕೊಳ್ಳಬೇಕೆನಿಸಿತು. ನಾಚಿಕೆಯಾಯಿತು, ಅಳು ಬಂತು, ಇದನ್ನು ಮೊದಲೇ ಹೇಳಬಾರದಿತ್ತೇ ಎಂದು ಸಿಟ್ಟೂ ಬಂತು.

ಅದೇ ಸಿಟ್ಟಿನಲ್ಲಿ ಮೇಲೆ ಹೋದೆ. "ಸಾರ್, ಅವತ್ತು ಪರವಾಗಿಲ್ಲ ಅಂದೆ. ಈಗ ಹೇಳ್ತೀನಿ, ಪರವಾಗಿದೆ. ನನ್ನ ಮೆಮೋ ವಾಪಸ್ ತಗೊಳ್ಳಿ" ಅಂದೆ. ಮುನಿಯಣ್ಣ ಹೇಳಿದ್ದನ್ನು ಹೇಳಿದ ಹಾಗೇ ಒಪ್ಪಿಸಿದೆ. ಸಿದ್ಧಾರ್ಥ್ ಸಾರ್ ಡ್ರಾಯರಿನಿಂದ ಕೆಂಪು ಚೀಟಿ ತೆಗೆದು, ಅದನ್ನೇ ಎದುರಿಗಿಟ್ಟುಕೊಂಡು, ಗಿರಾಕಿ ಕಂಪನಿಗೆ ಹೊಸ ವರದಿ ಟೈಪು ಮಾಡಿದರು. ಮುಗಿಸಿ, "ಆಡಿಟರ್ ಬಂದಾಗ ನೀನೇ ಕೂತ್ಕೊಂಡು ಎಕ್ಸ್‌ಪ್ಲೇನ್ ಮಾಡ್ಬೇಕು, ಆಯ್ತಾ?" ಅಂದರು. ಫೈಲಿನಿಂದ ತೆಗೆದ ಮೆಮೋ ನನ್ನ ಕೈಗೆ ಬಂತು.

ಐದೂಕಾಲಿಗೆ ಭುವನೇಶ್ವರಿ ಹೊಸ ಪತ್ರ ಹಿಡಿದು ತಾನೇ ಸ್ಟೋರ್ಸಿಗೆ ಬಂದಳು. ಅದರಲ್ಲಿ ಹೀಗಿತ್ತು: ಪರೀಕ್ಷಾರ್ಥ ಅವಧಿಯಲ್ಲಿ ಇವರಿಂದ ಒಂದು ಲೋಪವಾಗಿದೆ. ಅದನ್ನು ಕಂಡುಹಿಡಿದವರೂ ತಿಳಿಸಿದವರೂ ಇವರೇ. ಇವರನ್ನು ಖಾಯಂಗೊಳಿಸಲಾಗಿದೆ.

ಮುನಿಯಣ್ಣ ಓದಿದರು. ಇನ್ನೊಮ್ಮೆ ಓದಿದರು. ಈ ಪುಣ್ಯಾತ್ಮ ಇದರಲ್ಲೂ ಏನಾದರೂ ತಪ್ಪು ಹುಡುಕುತ್ತಾನೆಂದು ನಾನು ಭುವನೇಶ್ವರಿಯ ತೋಳು ಹಿಡಿದುಕೊಂಡೆ. ಅವರು ಪೆನ್ನು ತೆಗೆದು, ದೊಡ್ಡ ಅಕ್ಷರದಲ್ಲಿ, ಕನ್ನಡದಲ್ಲಿ ಸಹಿ ಹಾಕಿದರು. ಆಮೇಲೆ ಮನೆಗೆ ಫೋನ್ ಮಾಡಿ, "ಸೊಣ್ಣಾ, ಆಯ್ತು ಕಣೇ" ಅಂದರು. ಫೋನನ್ನು ನನ್ನ ಕೈಗೆ ಕೊಟ್ಟು ಗೋಡೆಯ ಕಡೆ ತಿರುಗಿ ನಿಂತರು. ಉಳಿದದ್ದನ್ನೆಲ್ಲ ಸೊಣ್ಣಮ್ಮನಿಗೆ ನಾನೇ ಹೇಳಿದೆ.